ಗೌರಿಯ ಕರುವಿಗೆ ಹೆಸರಿಡುವವರು ಯಾರು?

2023ರ ಬೇಸಿಗೆಯಲ್ಲಿ ನಾನು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಡೆಯುತ್ತಿದ್ದ ಮಕ್ಕಳ ಬೇಸಿಗೆ ಶಿಬಿರಕ್ಕೆ ಹಿರಿಯ ಮೇಲ್ವಿಚಾರಕಿಯಾಗಿದ್ದೆ. ಅದಕ್ಕೆ ಮೊದಲು ಹೆಣ್ಣುಮಕ್ಕಳ ಹಾಸ್ಟೆಲುಗಳಲ್ಲಿ ಇಪ್ಪತ್ತೆಂಟು ವರ್ಷ ವಾರ್ಡನ್ ಆಗಿ ದುಡಿದು ನಿವೃತ್ತಳಾಗಿದ್ದೆ. ನನ್ನ ಊರು ಆಲೂರು ತಾಲ್ಲೂಕಿನ ಪಾಳ್ಯ. ನಿವೃತ್ತಿಯಾಗಿ ಮನೆಯಲ್ಲಿ ಕೂತ ಎರಡೇ ತಿಂಗಳಿಗೆ ಬೇಸರ ಬಂದಿತ್ತು, ಎಸ್ಟೇಟಿನ ಯಜಮಾನರು ಹೇಳಿ ಕಳುಹಿಸಿದಾಗ ಒಂದೇ ಮಾತಿಗೆ ಒಪ್ಪಿಕೊಂಡೆ. ಕೂಲಿಯವರ ಹಳೆಯ ಲೈನುಮನೆಗಳಿಗೆ ಬಣ್ಣ ಬಳಿದು ಮಕ್ಕಳು ಮಲಗುವ ಕೋಣೆಗಳನ್ನು ಮಾಡಿದ್ದರು. ಕಾಫಿ ಒಣಗಿಸುವ ಕಣವೇ ಆಟದ ಬಯಲು, ಸ್ಟೋರಿನ ಅರ್ಧಭಾಗವೇ ಊಟದ ಮನೆ. ಹನ್ನೆರಡು ದಿನದ ಶಿಬಿರ, ನಲವತ್ತು ಮಕ್ಕಳು. ಚಾರಣ, ಹಕ್ಕಿ ನೋಡುವುದು, ಮಣ್ಣಿನ ಕೆಲಸ ಎಲ್ಲದಕ್ಕೂ ಬೇರೆ ಬೇರೆ ಮೇಷ್ಟರುಗಳಿದ್ದರು. ಅಳುವ ಮಕ್ಕಳು ಮಾತ್ರ ನನ್ನ ಇಲಾಖೆ.

ಮನೆ ಬಿಟ್ಟು ಬಂದ ಮಗು ಮನೆಗಾಗಿ ಹಂಬಲಿಸುವುದನ್ನು ನಮ್ಮ ಕೆಲಸದಲ್ಲಿ ಹೋಮ್‌ಸಿಕ್‌ನೆಸ್ ಎನ್ನುತ್ತೇವೆ. ಅದು ಕಾಯಿಲೆಯಲ್ಲ, ಆದರೆ ಕಾಯಿಲೆಯ ವೇಷ ಹಾಕಿಕೊಂಡು ಬರುತ್ತದೆ. ಹೊಟ್ಟೆನೋವು ಎನ್ನುತ್ತವೆ, ತಲೆ ಸುತ್ತುತ್ತದೆ ಎನ್ನುತ್ತವೆ, ತಟ್ಟೆಯ ಅನ್ನವನ್ನು ಬೆರಳಲ್ಲಿ ಆಚೀಚೆ ತಳ್ಳುತ್ತ ಕೂರುತ್ತವೆ. ಸಾಮಾನ್ಯವಾಗಿ ಹೊತ್ತು ಮುಳುಗುವಾಗ ಶುರು. ಅದಕ್ಕೇ ಸಂಜೆ ಹೊತ್ತು ಮಕ್ಕಳನ್ನು ಸುಮ್ಮನೆ ಕೂರಲು ಬಿಡುವುದಿಲ್ಲ, ಪ್ರತಿ ಮಗುವಿಗೂ ಒಬ್ಬ ಜೊತೆಗಾರನನ್ನು ಗೊತ್ತುಮಾಡಿರುತ್ತೇವೆ, ಮೊದಲ ಮೂರು ದಿನ ಮನೆಗೆ ಫೋನ್ ಇಲ್ಲ. ಆಮೇಲೆ ಫೋನ್ ಕೊಟ್ಟಾಗಲೂ ಅಪ್ಪ ಅಮ್ಮ ಏನು ಹೇಳಬೇಕು ಎಂಬುದನ್ನು ಮೊದಲೇ ಕಲಿಸಿರುತ್ತೇವೆ. 'ನೀನಿಲ್ಲದೆ ಮನೆ ಬಿಕೋ ಅನ್ನುತ್ತಿದೆ' ಎನ್ನಬಾರದು. 'ಇಲ್ಲಿ ಎಲ್ಲ ಚೆನ್ನಾಗಿದೆ, ನೀನು ಯೋಚನೆ ಮಾಡಬೇಡ' ಎನ್ನಬೇಕು. ಪೋಷಕರ ಸಭೆಗಳಲ್ಲಿ ಈ ಮಾತನ್ನು ನಾನೇ ಎಷ್ಟೋ ಸಲ ಹೇಳಿದ್ದೇನೆ. ಹೆಚ್ಚಿನ ಮಕ್ಕಳಿಗೆ ಅದು ಸರಿಯಾದ ಮಾತೇ.

ಆ ವರ್ಷ ಯಜಮಾನರು ನನಗೆ ಸಹಾಯಕ್ಕೆಂದು ಮೈಸೂರಿನಿಂದ ಕೀರ್ತನಾ ಎಂಬ ಹುಡುಗಿಯನ್ನು ಕರೆಸಿದರು. ಮನಃಶಾಸ್ತ್ರದಲ್ಲಿ ಎಂ.ಎ., ವಯಸ್ಸು ಇಪ್ಪತ್ತನಾಲ್ಕು, ಭುಜದ ಮೇಲೊಂದು ಗಿಟಾರ್. ಸಹಾಯ ಎಂದರೆ ಎಂಥ ಸಹಾಯ? ಎರಡನೇ ಸಂಜೆಯ ಹೊತ್ತಿಗೆ ನನ್ನ ಇಲಾಖೆಯೇ ಖಾಲಿ. ಅಳುವ ಮಕ್ಕಳು ನನ್ನ ಕೋಣೆಯ ಬಾಗಿಲ ಮುಂದೆಯೇ ಹಾದುಹೋಗಿ, ನನ್ನತ್ತ ಕಣ್ಣೆತ್ತಿಯೂ ನೋಡದೆ, ಅವಳ ತೊಡೆಯ ಮೇಲೆ ತಲೆಯಿಟ್ಟು ಅಳುತ್ತಿದ್ದವು. ಅತ್ತು ಮುಗಿಸಿ ಅವಳೊಂದಿಗೆ ಹಾಡುತ್ತಿದ್ದವು. ನನಗೆ ಹೊಟ್ಟೆಕಿಚ್ಚಾಯಿತು. ಇದಕ್ಕೆ ಬೇಸರ, ಕಸಿವಿಸಿ ಎಂಬ ಮರ್ಯಾದಸ್ಥ ಹೆಸರುಗಳನ್ನು ಕೊಡಬಹುದು. ನಾನು ಕೊಡುವುದಿಲ್ಲ.

ಅವಳ ಹಾಡೇನೂ ಅಷ್ಟು ಚೆನ್ನಾಗಿರಲಿಲ್ಲ. ಮೇಲಿನ ಸ್ವರಕ್ಕೆ ಹೋದಾಗ ಗಂಟಲು ಕೀರಲಾಗುತ್ತಿತ್ತು. ಮಕ್ಕಳಿಗೆ ಅದು ಕೇಳಿಸುತ್ತಲೇ ಇರಲಿಲ್ಲ, ನನಗೆ ಮಾತ್ರ ಕೇಳಿಸುತ್ತಿತ್ತು. ಮೂರನೇ ದಿನ ಮಧ್ಯಾಹ್ನ ಮೋಡ ಕಟ್ಟಿತು. ತೇವಕ್ಕೆ ಗಿಟಾರ್ ಹಾಳಾಗುತ್ತದೆ ಎಂದು ನಾನೇ ಅದನ್ನು ಎತ್ತಿಕೊಂಡು ಹೋಗಿ ಸ್ಟೋರಿನ ಒಳಕೋಣೆಯಲ್ಲಿಟ್ಟು ಬೀಗ ಜಡಿದೆ. ಅವಳು ಓಡಿಬಂದು, "ಎಷ್ಟು ಕಾಳಜಿ ಮಿಸ್ ನಿಮಗೆ, ನನಗೆ ಹೊಳೆದೇ ಇರಲಿಲ್ಲ" ಎಂದು ಕೈ ಹಿಡಿದುಕೊಂಡಳು. ಆ ಸಂಜೆ ಚಪ್ಪಾಳೆ ತಟ್ಟಿಸಿಕೊಂಡು ಹಾಡಿಸಿದಳು, ಮಕ್ಕಳು ಹಿಂದಿನ ದಿನಕ್ಕಿಂತ ಜೋರಾಗಿ ಹಾಡಿದವು. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ, ಅವರು ಸಿಟ್ಟಿಗೆ ಒಂದು ಕಾರಣವನ್ನೂ ಒದಗಿಸುವುದಿಲ್ಲ.

ಇದರ ನಡುವೆ ಬಂದದ್ದು ಸಿಂಚನಾಳ ಪ್ರಕರಣ. ಸುತ್ತಲಿನ ಶಾಲೆಗಳಿಂದ ಪ್ರತಿವರ್ಷ ಒಂದು ಮಗುವಿಗೆ ಉಚಿತವಾಗಿ ಜಾಗ ಕೊಡುವುದು ಯಜಮಾನರ ಪದ್ಧತಿ. ಆ ಸಲ ಆ ಜಾಗ ಬೆಳಗೋಡು ಕಡೆಯ ಸಿಂಚನಾಗೆ ಸಿಕ್ಕಿತ್ತು. ಒಂಬತ್ತು ವರ್ಷದ ಹುಡುಗಿ. ಅಪ್ಪನಿಗೆ ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ. ಅಮ್ಮ ಮಂಗಳಾ ತಾನೇ ಬಂದು ಬಿಟ್ಟುಹೋಗಿದ್ದಳು. "ಬೆಂಗ್ಳೂರ್ ಮಕ್ಕಳ ಜೊತೆ ನಾಕ್ ಮಾತು ಇಂಗ್ಲಿಷ್ ಕಲೀಲಿ ಮಿಸ್. ಅರ್ಧಕ್ಕೆ ಮಾತ್ರ ವಾಪಸ್ ಕಳಿಸ್ಬೇಡಿ, ಊರೋರು ಆಡ್ಕೋತಾರೆ" ಎಂದು ಕೈಮುಗಿದಿದ್ದಳು. ಬೆಂಗಳೂರು, ಮಂಗಳೂರಿನ ಮಕ್ಕಳ ನಡುವೆ ಮನೆಗೆ ಎಲ್ಲರಿಗಿಂತ ಹತ್ತಿರವಿದ್ದವಳು ಇವಳೇ, ಜೀಪಿನಲ್ಲಿ ಒಂದೂವರೆ ಗಂಟೆ ದಾರಿ. ಈ ಮಗುವಿನ ಚಿಂತೆಯಿಲ್ಲ ಎಂದುಕೊಂಡಿದ್ದೆವು. ಮೊದಲ ದಿನ ಪಟ್ಟಣದ ಮಕ್ಕಳಿಗೆ ಸೀಬೆಮರ ಹತ್ತುವುದನ್ನು ಕಲಿಸಿದ್ದೂ ಇವಳೇ.

ಎರಡನೇ ದಿನ ಬೆಳಿಗ್ಗೆ ಆರೂವರೆಗೆ ಅಳು ಶುರುವಾಯಿತು. ಮೂರನೇ ದಿನವೂ ಅದೇ ಹೊತ್ತಿಗೆ. ಸಂಜೆ ಎಲ್ಲ ಮಕ್ಕಳೂ ಮುಖ ಸಣ್ಣ ಮಾಡುವ ಹೊತ್ತಿಗೆ ಇವಳು ಸರಿಯಾಗಿರುತ್ತಿದ್ದಳು, ಬೆಳಗಾದರೆ ಗೋಡೆಗೆ ಮುಖಮಾಡಿ ಬಿಕ್ಕುತ್ತಿದ್ದಳು. ಕೇಳಿದರೆ ಒಂದೇ ಮಾತು: "ಮನೆಗೆ ಕಳ್ಸಿ." ತಿಂಡಿ ಮುಟ್ಟುತ್ತಿರಲಿಲ್ಲ. ನಾನು ಅಡುಗೆಮನೆಯಲ್ಲಿ ಹೇಳಿ ಅಕ್ಕಿರೊಟ್ಟಿ, ಕಾಯಿಚಟ್ನಿ ಮಾಡಿಸಿದೆ, ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದೆ. ಹಾಕಿಸಿಕೊಂಡಳು, ಮತ್ತೆ ಅತ್ತಳು. ಕೀರ್ತನಾ ಬಣ್ಣಬಣ್ಣದ ಮುಖಗಳಿದ್ದ ಒಂದು ಚಕ್ರವನ್ನು ತಂದು, ಇದರಲ್ಲಿ ನಿನ್ನ ಮುಖ ಯಾವುದು ತೋರಿಸು ಎಂದಳು. ಮಕ್ಕಳು ತಮಗೆ ಏನಾಗುತ್ತಿದೆ ಎಂದು ಹೇಳಲಾರದಿದ್ದಾಗ ಬಳಸುವ ಉಪಾಯ ಅದು. ಅಳುವ ಮುಖ, ಹೆದರಿದ ಮುಖ, ಸಿಟ್ಟಿನ ಮುಖ ಎಲ್ಲ ಇದ್ದವು. ಸಿಂಚನಾ ಒಂದನ್ನೂ ಮುಟ್ಟಲಿಲ್ಲ. ಕೀರ್ತನಾಳಿಗೂ ಆಗಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು.

ನಾಲ್ಕನೇ ದಿನ ಫೋನಿನ ದಿನ. ಕೀರ್ತನಾ ವಿಡಿಯೋ ಕರೆ ಮಾಡಿಸಿದಳು, ನಾನು ಹಿಂದೆ ನಿಂತಿದ್ದೆ. ಮಂಗಳಾ ಕೊಟ್ಟಿಗೆಯಲ್ಲಿದ್ದಳು. ಅವಳ ಪಕ್ಕದಲ್ಲಿ ಹನ್ನೊಂದರ ಆಸುಪಾಸಿನ ಒಬ್ಬ ಹುಡುಗಿ, ಮೊಣಕಾಲುದ್ದದ ಕೆಂಪು ಗಮ್‌ಬೂಟು ಹಾಕಿಕೊಂಡು, ಬೂಸಾ ತುಂಬಿದ ಬಿದಿರಿನ ಮಂಕರಿ ಹಿಡಿದು ನಗುತ್ತಿದ್ದಳು. ಅವಳು ಪ್ರೇರಣಾ, ಮಂಗಳಾಳ ಅಕ್ಕನ ಮಗಳು, ರಜೆಗೆಂದು ಹಾಸನದಿಂದ ಬಂದಿದ್ದವಳು.

"ನೀನೇನೂ ಯೋಚ್ನೆ ಮಾಡ್ಬೇಡ ಕಣವ್ವ, ಇಲ್ಲೆಲ್ಲ ಚೆನ್ನಾಗೈತೆ" ಎಂದು ಮಂಗಳಾ ನಾವು ಕಲಿಸಿದ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸಿದಳು. ಒಪ್ಪಿಸಿ, ಅದರ ಮೇಲೆ ತನ್ನದನ್ನೂ ಸೇರಿಸಿದಳು. "ನಿನ್ ಕೆಲ್ಸನೆಲ್ಲ ಪ್ರೇರಣಾನೇ ಮಾಡ್ಬುಡ್ತಾಳೆ. ಗೌರಿಗೆ ಬೂಸಾ ಇಡೋದೂ ಅವ್ಳೇ. ರಾತ್ರಿ ನನ್ ಪಕ್ಕ ಮಲಗ್ತಾಳೆ. ನೀನಿಲ್ದಿದ್ದದ್ದೇ ಗೊತ್ತಾಗಲ್ಲ ನೋಡು."

ಕೀರ್ತನಾ ಹೆಬ್ಬೆರಳೆತ್ತಿ ಭೇಷ್ ಎಂದು ಸನ್ನೆ ಮಾಡಿದಳು. ಸಿಂಚನಾ ತಾನೇ ಫೋನ್ ಆರಿಸಿ ಮೇಜಿನ ಮೇಲಿಟ್ಟಳು. ಒಂದು ಹನಿ ಕಣ್ಣೀರು ಬರಲಿಲ್ಲ. ನೆಟ್ಟಗೆ ಕಣಕ್ಕೆ ನಡೆದು, ಅವಳ ಜೊತೆಗಾತಿ ಬೆಂಗಳೂರಿನ ಹುಡುಗಿ ಬೆಳಗಿನಿಂದ ಕೂತು ಮಾಡಿದ್ದ ಹಸಿಮಣ್ಣಿನ ಕುಡಿಕೆಯನ್ನು ಕಾಲಿನಿಂದ ಒದ್ದು ಚಪ್ಪಟೆ ಮಾಡಿಬಿಟ್ಟಳು.

"ಅಮ್ಮನ್ನ ನೋಡಿದ ಮೇಲೆ ದುಃಖ ಸಿಟ್ಟಾಗಿ ಹೊರಗೆ ಬಂತು ಮಿಸ್, ಇದು ಒಳ್ಳೆಯ ಲಕ್ಷಣ" ಎಂದಳು ಕೀರ್ತನಾ. ಪುಸ್ತಕದ ಪ್ರಕಾರ ಇರಬಹುದು. ಆದರೆ ಮನೆ ನೆನಪಾದ ಮಗು ಮೆತ್ತಗಾಗುತ್ತದೆ, ಯಾರದಾದರೂ ಸೆರಗು ಹುಡುಕುತ್ತದೆ. ಇದು ಬಿರುಸಾಗಿತ್ತು. ಚೆನ್ನಾಗಿ ಆದ ಬೇರೆಯವರ ಕೆಲಸವನ್ನು ಹುಡುಕಿಕೊಂಡು ಹೋಗಿ ಒದೆಯುವ ಕಾಲು ಮನೆ ನೆನಪಿನದ್ದಲ್ಲ. ನೋಡಿದ ಕೂಡಲೇ ನನಗೆ ಗುರುತು ಹತ್ತಿತು. ಸ್ಟೋರಿನ ಬೀಗದ ಕೈ ಆಗಲೂ ನನ್ನ ಸೊಂಟದಲ್ಲೇ ಇತ್ತು.

ಆ ಮಧ್ಯಾಹ್ನ ಹಲಸಿನಹಣ್ಣು ಬಿಡಿಸುವ ನೆವದಲ್ಲಿ ಸಿಂಚನಾಳನ್ನು ಅಡುಗೆಮನೆಯ ಜಗಲಿಗೆ ಕರೆದೆ. ಇಬ್ಬರೂ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ತೊಳೆ ಬಿಡಿಸತೊಡಗಿದೆವು. ನಾನೇ ಮಾತು ಶುರುಮಾಡಿದೆ.

"ನಂಗೆ ಇಲ್ಲಿ ಒಬ್ಬರನ್ನ ಕಂಡ್ರೆ ಆಗಲ್ಲ ಕಣೆ."

ಅವಳ ಕೈ ನಿಂತಿತು. "ಯಾರನ್ನ ಮಿಸ್?"

"ಹೇಳಲ್ಲ. ನೀನು ನಿಂದು ಹೇಳಿದ್ರೆ ನಾನು ನಂದು ಹೇಳ್ತೀನಿ."

ಅವಳು ಒಂದು ತೊಳೆಯ ಬೀಜ ತೆಗೆದಳು, ಇನ್ನೊಂದರದ್ದು ತೆಗೆದಳು. ಆಮೇಲೆ ತಲೆ ಎತ್ತದೆ, "ಪ್ರೇರಣಾ" ಎಂದಳು. "ನನ್ ಗಮ್‌ಬೂಟ್ ಹಾಕ್ಕೊಂಡವ್ಳೆ. ನನ್ ಜಾಗದಲ್ಲಿ ಮಲಗ್ತಾಳೆ. ಈಗ ಕರೂಗೂ ಅವ್ಳೇ ಹೆಸ್ರು ಇಡ್ತಾಳೆ."

ವಿಷಯ ಅಲ್ಲಿತ್ತು. ಗೌರಿ ಎಂಬುದು ಆ ಮನೆಯ ಕಡಸು, ಎಂದರೆ ಇನ್ನೂ ಕರು ಹಾಕದ ಹಸು. ಅದು ಹುಟ್ಟಿದಾಗ ಸಿಂಚನಾಗೆ ಐದು ವರ್ಷ, ಹೆಸರಿಟ್ಟವಳು ಅವಳೇ. ಅವರ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹಸು ಕರು ಹಾಕಿದ ಮೇಲಿನ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಕಾಯಿಸುತ್ತಾರಷ್ಟೆ. ಗಿಣ್ಣು ಕಾಯಿಸಿ ದೇವರಿಗಿಟ್ಟ ದಿನ ಮನೆಯ ಒಂದು ಮಗು ಹೋಗಿ ಕರುವಿನ ಕಿವಿಯಲ್ಲಿ ಹೆಸರು ಹೇಳಬೇಕು. ಯಾರು ಹೆಸರು ಹೇಳಿದರೋ ಆ ಕರು ಅವರದು. ಅದನ್ನು ಯಾರೂ ಮಾರುವಂತಿಲ್ಲ ಎಂದೇನಿಲ್ಲ, ಬರೀ ಬಾಯಿಮಾತಿನ ಒಡೆತನ. ಆದರೆ 'ಸಿಂಚನಾನ ಗೌರಿ' ಎಂದೇ ಮನೆಯಲ್ಲಿ, ಊರಿನಲ್ಲಿ ಎಲ್ಲರೂ ಅನ್ನುತ್ತಿದ್ದರು. ಈಗ ಗೌರಿ ಚೊಚ್ಚಲ ಕರು ಹಾಕುವುದಿತ್ತು. ಶಿಬಿರ ಮುಗಿದ ಮೇಲೆ ಎಂದು ಲೆಕ್ಕ ಹಾಕಿ ಮಗಳನ್ನು ಕಳಿಸಿದ್ದರು. ಹೊರಡುವ ದಿನವೇ ಪ್ರೇರಣಾ ಬಂದಿಳಿದಿದ್ದಳು. ಬೆಳಿಗ್ಗೆ ಆರೂವರೆ ಗೌರಿಗೆ ಬೂಸಾ ಇಡುವ ಹೊತ್ತು, ಅಳು ಬರುತ್ತಿದ್ದದ್ದು ಅದಕ್ಕೆ. ಮಗು ಮನೆಗಾಗಿ ಅಳುತ್ತಿರಲಿಲ್ಲ. ಮನೆಯಲ್ಲಿ ತನ್ನ ಜಾಗ ಹೋಯಿತೆಂದು ಉರಿಯುತ್ತಿತ್ತು. ನಾವು ಅದಕ್ಕೆ 'ನೀನಿಲ್ಲದಿದ್ದರೂ ಎಲ್ಲ ಚೆನ್ನಾಗಿದೆ' ಎಂದು ಹೇಳಿಸಿದ್ದೆವು.

"ನಿಮ್ದು ಯಾರು ಮಿಸ್?" ಎಂದು ಸಿಂಚನಾ ನೆನಪಿಸಿದಳು. ಮಾತು ಕೊಟ್ಟಿದ್ದೆನಲ್ಲ, ಕಿವಿಯಲ್ಲಿ ಹೇಳಿದೆ. ಅವಳು ನನ್ನ ಮುಖ ನೋಡಿ, "ಕೀರ್ತನಾ ಮಿಸ್ ಒಳ್ಳೇರು" ಎಂದಳು. ಗೊತ್ತು, ತೊಂದರೆ ಅದೇ ಎಂದೆ. ಅವಳು ಅರ್ಥವಾದವಳಂತೆ ತಲೆಯಾಡಿಸಿದಳು. "ಪ್ರೇರಣಾನೂ ಅಂಗೇ" ಎಂದಳು.

ಮಗುವನ್ನು ಆಟಕ್ಕೆ ಕಳಿಸಿ ಮಂಗಳಾಗೆ ನಾನೊಬ್ಬಳೇ ಫೋನ್ ಮಾಡಿದೆ. ಗೌರಿ ನಿಜವಾಗಿ ಪ್ರೇರಣಾಗೆ ಒಗ್ಗಿದೆಯೇ ಎಂದು ಕೇಳಿದೆ.

"ಎಲ್ಲಿ ಒಗ್ತದೆ ಮಿಸ್. ಆ ಹುಡುಗಿ ಹತ್ರ ಹೋದ್ರೆ ತಲೆ ಒನೀತೈತೆ, ಹಾಯೋಕ್ ಬತ್ತೈತೆ. ಬೂಸಾ ಅರ್ಧಕ್ಕರ್ಧ ಮಂಕ್ರೀಲೇ ಉಳೀತೈತೆ. ಸಂಜೆ ಆದ್ರೆ ಗೇಟ್ ಕಡೀಕ್ ನೋಡ್ತಾ ಕೂಗ್ತೈತೆ."

"ಮತ್ತೆ ಮಗಳಿಗೆ ಹಾಗೆ ಹೇಳಿದ್ರಲ್ಲ?"

"ನೀವೇ ಅಲ್ವ ಮಿಸ್, ಎಲ್ಲ ಚೆನ್ನಾಗೈತೆ ಅಂತ್ಲೇ ಹೇಳ್ಬೇಕು ಅಂದೋರು" ಎಂದಳು ಮಂಗಳಾ. ಇನ್ನು ಮೇಲೆ ಇದ್ದದ್ದು ಇದ್ದ ಹಾಗೆ ಹೇಳಿ ಎಂದೆ. ಮರುದಿನ ಬೆಳಿಗ್ಗೆ ನಿಯಮ ಮುರಿದು ಮತ್ತೊಮ್ಮೆ ಫೋನ್ ಕೊಟ್ಟೆ. ಬೂಸಾ ಉಳಿಯುವ ಸುದ್ದಿ, ಗೇಟಿನ ಕಡೆ ನೋಡಿ ಕೂಗುವ ಸುದ್ದಿ ಎಲ್ಲ ಕೇಳಿ ಸಿಂಚನಾಳ ಮುಖ ಅರಳಿತು. "ಅದಕ್ಕೆ ಬೂಸಾ ಹಾಕೋವಾಗ ಕೋಡಿನ ಬುಡ ಕೆರೀಬೇಕು ಅಂತ ಅವ್ಳಿಗೇನ್ ಗೊತ್ತು" ಎಂದಳು. ಆ ದಿನ ಮೂರು ದೋಸೆ ತಿಂದಳು. ಕುಡಿಕೆ ಕಳೆದುಕೊಂಡ ಹುಡುಗಿಗೆ ತಾನೇ ಒಂದು ಕುಡಿಕೆ ಮಾಡಿಕೊಟ್ಟಳು, ಸ್ವಲ್ಪ ಸೊಟ್ಟಗಿತ್ತು.

ಆದರೆ ಮೂಲ ಪ್ರಶ್ನೆ ಹಾಗೇ ಇತ್ತು. ಗೌರಿಯ ಕೆಚ್ಚಲು ಇಳಿದಿದೆ, ಲೆಕ್ಕಕ್ಕಿಂತ ಮೊದಲೇ ಕರು ಹಾಕುವ ಹಾಗಿದೆ ಎಂದು ಮಂಗಳಾ ಹೇಳಿದ್ದಳು. ಗಿಣ್ಣಿನ ಹಾಲು ಯಾರಿಗಾಗಿಯೂ ಕಾಯುವುದಿಲ್ಲ, ಎರಡು ಮೂರು ದಿನಕ್ಕೆ ತಿಳಿಯಾಗಿಬಿಡುತ್ತದೆ. ಮಗಳು ಇಲ್ಲದಿದ್ದರೆ ಪ್ರೇರಣಾ ಕೈಲೇ ಹೇಳಿಸುವುದು ಎಂದು ಮನೆಯಲ್ಲಿದ್ದ ಸಿಂಚನಾಳ ಅಜ್ಜಿ ತೀರ್ಮಾನಿಸಿ ಆಗಿತ್ತು. ನಾನು ಸಿಂಚನಾಗೆ, ಗಿಣ್ಣಿನ ದಿನ ನಿನ್ನನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಶಿಬಿರಗಳಲ್ಲಿ ಇದು ಯಾರೂ ಮಾಡದ ಕೆಲಸ. ಮನೆ ನೆನಪಾದ ಮಗುವನ್ನು ನಡುವೆ ಮನೆಗೆ ಒಯ್ದರೆ ಅದು ಹಿಂದಿರುಗುವುದಿಲ್ಲ. ಅದನ್ನು ನೋಡಿ ಉಳಿದವೂ ಗಂಟು ಕಟ್ಟುತ್ತವೆ. ಯಜಮಾನರ ಎದುರು ಕೀರ್ತನಾ ಇದನ್ನೇ ಬಹಳ ವಿನಯದಿಂದ ಹೇಳಿದಳು. "ಅವಳು ವಾಪಸ್ ಬರಲ್ಲ ಮಿಸ್. ಅರ್ಧಕ್ಕೆ ಬಿಟ್ಟೆ ಅನ್ನೋದು ಅವಳ ಮನಸ್ಸಲ್ಲಿ ಉಳಿದುಬಿಡುತ್ತೆ. ಅವರಮ್ಮನೂ ಅದನ್ನೇ ಬೇಡ ಅಂದಿದ್ದರಲ್ಲ."

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವಳು ಹೇಳಿದಳು ಎಂಬ ಕಾರಣಕ್ಕೇ ನನ್ನ ಹಟ ಇಮ್ಮಡಿಯಾಯಿತು ಎಂದರೂ ತಪ್ಪಿಲ್ಲ. ಮಾತು ಕೊಟ್ಟಾಗಿದೆ, ಹೋಗುವುದೇ ಎಂದೆ. ಯಜಮಾನರು ಇಬ್ಬರ ಮುಖವನ್ನೂ ನೋಡಿ, "ಕತ್ತಲಾಗೋದ್ರೊಳಗೆ ಮಗು ಇಲ್ಲಿರ್ಬೇಕು. ಬರ್ದೇ ಹೋದ್ರೆ ಅವ್ರ ಮನೆಯೋರಿಗೆ, ಊರಿಗೆ ಉತ್ತರ ಹೇಳೋದು ನೀವು" ಎಂದರು.

ಗೌರಿ ಒಂಬತ್ತನೇ ದಿನ ಕರು ಹಾಕಿತು, ಹೆಣ್ಣುಕರು. ಮರುದಿನ ಮಧ್ಯಾಹ್ನ ಗಿಣ್ಣು. ಬೆಳಿಗ್ಗೆ ತಿಂಡಿ ಮುಗಿಸಿ ಹೊರಡುವ ಹೊತ್ತಿಗೆ ಮೊಬೈಲಿಗೆ ಆನೆ ಮೆಸೇಜ್ ಬಂತು. ನಮ್ಮ ಕಡೆ ಇದು ದಿನದ ಸುದ್ದಿ, ಯಾವ ತೋಟದಲ್ಲಿ ಎಷ್ಟು ಆನೆ ಇದೆ ಎಂದು ನೋಡಿಕೊಂಡೇ ಹೊರಡುತ್ತೇವೆ. ಹೆತ್ತೂರು ದಾಟಿ ಸ್ವಲ್ಪ ದೂರದಲ್ಲಿ ಅರಣ್ಯ ಇಲಾಖೆಯವರು ಜೀಪು ನಿಲ್ಲಿಸಿದರು. ಮೂರು ಆನೆ, ಒಂದು ಮರಿ, ರಸ್ತೆ ದಾಟುವುದರಲ್ಲಿವೆ ಎಂದರು. ಎಂಜಿನ್ ಆರಿಸಿ ಕೂತೆವು. ಅರ್ಧ ಗಂಟೆಯಾಯಿತು, ಎರಡು ಗಂಟೆಯಾಯಿತು. ಸಿಂಚನಾ ಸೀಟಿನ ತುದಿಯಲ್ಲಿ ಕೂತು ಗಾಜಿಗೆ ಹಣೆಯೊತ್ತಿದ್ದಳು.

"ಅಷ್ಟೊತ್ತಿಗೆ ಅವ್ಳು ಹೇಳ್ಬುಟ್ಟಿರ್ತಾಳೆ" ಎಂದಳು.

ನಾನು ಸಮಾಧಾನ ಹೇಳಲಿಲ್ಲ. ಹೇಳಿಬಿಟ್ಟಿದ್ದರೂ ಇರಬಹುದು, ನನಗೇನು ಗೊತ್ತು. ಅಜ್ಜಿಯಂದಿರಿಗೆ ಕಾಯುವ ತಾಳ್ಮೆ ಕಡಿಮೆ. ಹಾಗೇನಾದರೂ ಆಗಿದ್ದರೆ ಈ ಮಗು ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲುವ ಗಳಿಗೆಯನ್ನು ನೆನೆಯುತ್ತ ಮತ್ತೆ ಮತ್ತೆ ಗಡಿಯಾರ ನೋಡಿದೆ. ಕೊನೆಗೆ ಗಾರ್ಡ್ ಕೈ ಬೀಸಿದ. ಸಕಲೇಶಪುರದ ಪೇಟೆ ದಾಟಿ ಬೆಳಗೋಡಿನ ದಾರಿ ಹಿಡಿಯುವ ಹೊತ್ತಿಗೆ ಹನ್ನೆರಡು ಗಂಟೆ ಮೀರಿತ್ತು.

ಅಂಗಳಕ್ಕೆ ಜೀಪು ಬಂದಾಗ ಬಾಗಿಲಲ್ಲಿ ನಿಂತಿದ್ದವಳು ಪ್ರೇರಣಾ. ಕಾಲಲ್ಲಿ ಅದೇ ಕೆಂಪು ಗಮ್‌ಬೂಟು. ಸಿಂಚನಾ ಇಳಿದು ಅವಳ ಎದುರು ನಿಂತಳು. ಪ್ರೇರಣಾಳೇ ಮಾತಾಡಿದಳು.

"ನಾನೇನೂ ಹೇಳಿಲ್ಲ ಕಣೆ. ಅಜ್ಜಿ ಹೇಳು ಹೇಳು ಅಂತಿತ್ತು. ಕಿವಿ ಹತ್ರನೂ ಹೋಗಿಲ್ಲ ನಾನು."

ಬಗ್ಗಿ ಬೂಟು ಬಿಚ್ಚಿ ಮುಂದಿಟ್ಟಳು. ಹತ್ತು ದಿನ ಬೂಸಾ ಹೊತ್ತವಳು, ತಲೆ ಒನೆಯುವ ಹಸುವಿಗೆ ಹೆದರದೆ ಗೊಬ್ಬರ ಬಾಚಿದವಳು, ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತಳು. ಅವಳ ಕಣ್ಣನ್ನು ನಾನು ನೋಡಿದೆ. ಆ ಉರಿ ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಿಂಚನಾ ಬೂಟು ಮೆಟ್ಟಿಕೊಂಡು ಕೊಟ್ಟಿಗೆಗೆ ಹೋದಳು. ಗೌರಿ ಅವಳನ್ನು ಕಂಡದ್ದೇ ಒಂದು ಸಣ್ಣ ದನಿ ತೆಗೆದು ಅವಳ ತೋಳನ್ನೆಲ್ಲ ನೆಕ್ಕಿತು. ಕರುವಿನ ಕೊರಳಿಗೆ ಕೈಹಾಕಿ ಕೂತು, ಕಿವಿಗೆ ಬಾಯಿಟ್ಟು ಹೇಳಿದಳು. ಹೊರಬಂದು ಪ್ರೇರಣಾಳ ಮುಂದೆ ನಿಂತು ಬೂಟು ಬಿಚ್ಚಿದಳು.

"ಹೆಸ್ರು ನಂದು. ನಾನ್ ಬರೋಗಂಟ ಬೂಸಾ ನೀನೇ ಇಡು. ಕೋಡಿನ ಬುಡ ಕೆರಿ, ತಿಂತೈತೆ."

ಎಲ್ಲರೂ ಜಗಲಿಯಲ್ಲಿ ಕೂತು ಗಿಣ್ಣು ತಿಂದೆವು. ನಾನು ಒಳಗೇ ಲೆಕ್ಕ ಹಾಕುತ್ತಿದ್ದೆ, ಹೊರಡುವಾಗ ರಂಪವಾದರೆ ಏನು ಮಾಡುವುದು, ಮಂಗಳಾಳ ಕೈಲಿ ಹೇಗೆ ಹೇಳಿಸುವುದು ಎಂದು. ನನ್ನ ಕಾಫಿ ಇನ್ನೂ ಲೋಟದಲ್ಲಿತ್ತು. ಸಿಂಚನಾ ಕೈ ತೊಳೆದುಕೊಂಡು ಬಂದು, "ನಡೀರಿ ಮಿಸ್, ಸಂಜೆ ನಮ್ ಗುಂಪಿಂದು ನಾಟ್ಕ ಐತೆ" ಎಂದು ಜೀಪು ಹತ್ತಿ ಕೂತಳು.

ಮಂಗಳಾ ಸ್ಟೀಲ್ ಡಬ್ಬಿಯಲ್ಲಿ ಶಿಬಿರದ ಮಕ್ಕಳಿಗೂ ಗಿಣ್ಣು ತುಂಬಿ ತಂದಳು. ಡಬ್ಬಿ ಕೊಡುವಾಗ ಅವಳ ಮುಖ ಸ್ವಲ್ಪ ಇಳಿದಿತ್ತು. "ಅತ್ಕೊಂಡು ಇಲ್ಲೇ ಉಳ್ಕೋತಾಳೆ ಅಂತ ಹೆದ್ರಿದ್ದೆ ಮಿಸ್. ಈಗ ನೋಡಿದ್ರೆ ತಿರುಗೂ ನೋಡ್ತಿಲ್ವಲ್ಲ. ಏನ್ ಮಾಡಿದ್ರಿ ನನ್ ಮಗ್ಳಿಗೆ?" ಎಂದಳು. ಇಡೀ ಶಿಬಿರದಲ್ಲಿ ನನ್ನನ್ನು ಕಂಡು ಒಬ್ಬರು ಅಸೂಯೆಪಟ್ಟದ್ದು ಅದೇ ಮೊದಲು. ಸುಳ್ಳೇಕೆ, ಹಿತವಾಗಿತ್ತು.

ಆ ಹಿತ ಸಕಲೇಶಪುರದವರೆಗೆ ಬಂತು. ಪೇಟೆಯಲ್ಲಿ ಜೀಪು ನಿಧಾನವಾದಾಗ, ಅದಿರಲಿ ಕರುವಿಗೆ ಏನು ಹೆಸರಿಟ್ಟೆ ಎಂದು ಕೇಳಿದೆ. ಇಷ್ಟೆಲ್ಲ ಓಡಾಡಿದ್ದಕ್ಕೆ, ಯಜಮಾನರ ಎದುರು ನಿಂತದ್ದಕ್ಕೆ, ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಇತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

"ಕೀರ್ತನಾ" ಎಂದಳು ಸಿಂಚನಾ.

ನಾನು ಎಸ್ಟೇಟ್ ತಲುಪುವವರೆಗೂ ಹೊರಗೆ ನೋಡುತ್ತ ಕೂತೆ. ಕಣದ ಅಂಚಿನಲ್ಲಿ ಜೀಪು ನಿಲ್ಲುವ ಮೊದಲೇ ಅವಳು ಹಾರಿ, ನಾಟಕದ ಮಕ್ಕಳ ನಡುವೆ ನಿಂತಿದ್ದ ಕೀರ್ತನಾಳ ಹತ್ತಿರ ಓಡಿಹೋಗಿ ಸೊಂಟಕ್ಕೆ ತೆಕ್ಕೆಬಿದ್ದು ಸುದ್ದಿ ಹೇಳಿದಳು. ಕೀರ್ತನಾ ಅತ್ತೇಬಿಟ್ಟಳು. ನಾನು ಗಿಣ್ಣಿನ ಡಬ್ಬಿ ಹಿಡಿದುಕೊಂಡು ಜೀಪಿನ ಪಕ್ಕ ನಿಂತಿದ್ದೆ.

ಸಿಂಚನಾ ಹನ್ನೆರಡೂ ದಿನ ಮುಗಿಸಿಯೇ ಮನೆಗೆ ಹೋದಳು. ಆ ವರ್ಷದಿಂದ ಪೋಷಕರಿಗೆ ನಾವು ಹೇಳಿಕೊಡುವ ಮಾತು ಬದಲಾಗಿದೆ. ಎಲ್ಲ ಚೆನ್ನಾಗಿದೆ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ, ಮಗುವಿನದೇ ಆದ ಒಂದು ಕೆಲಸವನ್ನು ಮನೆಯಲ್ಲಿ ಬಾಕಿ ಇಡಿ, ಅದನ್ನು ಬೇರೆ ಯಾರೂ ಮುಟ್ಟಿಲ್ಲ ಎಂದು ಮಗುವಿಗೆ ತಿಳಿಸಿ ಎನ್ನುತ್ತೇವೆ. ತನ್ನ ಜಾಗ ಕಾದಿದೆ ಎಂದು ಗೊತ್ತಿರುವ ಮಗು ಮಾತ್ರ ನಿಶ್ಚಿಂತೆಯಿಂದ ಮನೆ ಬಿಟ್ಟಿರಬಲ್ಲದು. ಇಪ್ಪತ್ತೆಂಟು ವರ್ಷದ ಹಾಸ್ಟೆಲು ಕಲಿಸದ್ದನ್ನು ನನಗೆ ಆ ಹನ್ನೆರಡು ದಿನ ಕಲಿಸಿದವು.

ಸಿಂಚನಾಳ ಅಳುವಿನ ಗುಟ್ಟನ್ನು ಗಿಣ್ಣಿನ ದಿನದ ಸಂಜೆಯೇ, ನಾಟಕ ಮುಗಿದ ಮೇಲೆ, ಕೀರ್ತನಾಳಿಗೆ ವಿವರಿಸಿದೆ. ಅವಳು ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ಎರಡು ಮಕ್ಕಳು ಅವಳ ಬೆನ್ನಿಗೆ ಜೋತುಬಿದ್ದಿದ್ದವು, ಇನ್ನೊಂದು ತೊಡೆಯ ಮೇಲಿತ್ತು.

"ನಾನು ಎಷ್ಟು ಓದಿದ್ದೀನಿ, ನನಗೆ ಗೊತ್ತಾಗಲಿಲ್ಲ. ಅದು ಹೊಟ್ಟೆಕಿಚ್ಚು ಅಂತ ನಿಮಗೆ ಹೇಗೆ ತಿಳೀತು ಮಿಸ್?"

"ಅನುಭವ ಕಣಮ್ಮ" ಎಂದೆ.

"ಎಷ್ಟು ವರ್ಷದ್ದು?" ಎಂದು ಬಹಳ ಗೌರವದಿಂದ ಕೇಳಿದಳು.

ಸೊಂಟದಿಂದ ಗಿಟಾರ್ ಇಟ್ಟ ಕೋಣೆಯ ಬೀಗದ ಕೈ ತೆಗೆದು ಅವಳ ಕೈಗೆ ಕೊಟ್ಟೆ. "ಈ ಕ್ಯಾಂಪಿಂದೇ" ಎಂದೆ.